ವಯಸ್ಸಾದಂತೆ ಕಾಲು ಏಕೆ ತಡವಾಗಿ ಮಾತು ಕೇಳುತ್ತದೆ?

ಶಂಕರನಾರಾಯಣದ ಆಸುಪಾಸಿನಲ್ಲಿ ಬಯಲಾಟ ನೋಡಿ ಬೆಳಗು ಮಾಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಚಂಡೆಯ ಪೆಟ್ಟು ಬಿದ್ದೊಡನೆ ಎಳೆಯ ಪುಂಡುವೇಷಧಾರಿ ದಿಗಿಣ ಹಾರುತ್ತಾನೆ, ಮಂಡಿಯೂರಿ ಗಿರಕಿ ಹೊಡೆಯುತ್ತಾನೆ. ಅದನ್ನು ನೋಡುತ್ತ ಕುಳಿತ ಅಜ್ಜ ಆಟ ಮುಗಿದ ಮೇಲೆ ಏಳಹೊರಟರೆ, ಮನಸ್ಸು ‘ಏಳು’ ಎಂದ ಬಳಿಕ ಕಾಲು ತುಸು ತಡೆದು ಏಳುತ್ತದೆ. ಈ ತಡವಾಗುವುದು ಎಲ್ಲಿ?

ಮೂರು ಹೆಜ್ಜೆಯ ಅಪ್ಪಣೆ

ಕೈಯನ್ನು ಥಟ್ಟನೆ ಚಾಚುವುದು ಒಂದೇ ಸ್ನಾಯುವಿನ ಕೆಲಸವಲ್ಲ. ಚರ್ಮದ ಮೇಲೆ ವಿದ್ಯುದಗ್ರಗಳನ್ನಿಟ್ಟು ಸ್ನಾಯುಗಳ ಚಟುವಟಿಕೆಯನ್ನು ದಾಖಲಿಸಿದರೆ ಮೂರು ಹಂತಗಳು ಕಾಣುತ್ತವೆ. ಮೊದಲು ಒಂದು ಸ್ನಾಯು ಕೈಯನ್ನು ಮುಂದೆ ತಳ್ಳುತ್ತದೆ. ಒಡನೆಯೇ ಅದರ ಎದುರಾಳಿ ಸ್ನಾಯು ಬ್ರೇಕ್ ಹಾಕುತ್ತದೆ. ಕೊನೆಗೆ ಮೊದಲಿನ ಸ್ನಾಯು ಮತ್ತೊಮ್ಮೆ ಚುರುಕಾಗಿ, ಕೈಯನ್ನು ಗುರಿಯಲ್ಲಿ ನಿಲ್ಲಿಸುತ್ತದೆ. ಇಷ್ಟೆಲ್ಲ ಮುಗಿಯುವುದು ಕ್ಷಣಾರ್ಧದಲ್ಲಿ.

ವಯಸ್ಸಾದಂತೆ ಈ ಮೂರು ಹಂತಗಳ ನಡುವಿನ ಗಡಿ ಮಸುಕಾಗುತ್ತದೆ. ತಳ್ಳುವ ಸ್ನಾಯುವೂ ತಡೆಯುವ ಸ್ನಾಯುವೂ ಹೆಚ್ಚು ಹೊತ್ತು ಒಟ್ಟಿಗೇ ಬಿಗಿಯುತ್ತವೆ. ಬ್ರೇಕಿನ ಮೇಲೆ ಕಾಲಿಟ್ಟೇ ವಾಹನ ಓಡಿಸಿದಂತೆ! ಇದರಿಂದ ಕೀಲಿಗೆ ಭದ್ರತೆ ದೊರೆತರೂ ವೇಗ ತಗ್ಗುತ್ತದೆ. ಗುರಿಯ ಸಮೀಪ ಬಂದಾಗ ಸರಿಪಡಿಸಿಕೊಳ್ಳುವುದಕ್ಕೂ ಹೆಚ್ಚು ಸಮಯ ಬೇಕಾಗುತ್ತದೆ.

ಸ್ನಾಯುವಿನೊಳಗೆ

ಮಿದುಳುಬಳ್ಳಿಯ ಒಂದೊಂದು ಚಾಲಕ ನರಕೋಶವೂ ಅನೇಕ ಸ್ನಾಯು ಎಳೆಗಳನ್ನು ಆಳುತ್ತದೆ. ಅರುವತ್ತರ ನಂತರ ಈ ನರಕೋಶಗಳ ಸಂಖ್ಯೆ ಕುಗ್ಗತೊಡಗುತ್ತದೆ. ಒಡೆಯನಿಲ್ಲದ ಎಳೆಗಳನ್ನು ನೆರೆಯ ನರಕೋಶ ದತ್ತು ತೆಗೆದುಕೊಳ್ಳುತ್ತದೆ; ಹಾಗೆ ಆಗದಿದ್ದರೆ ಅವು ನಶಿಸುತ್ತವೆ. ವೇಗದ ಚಲನೆಗೆ ಬೇಕಾದ ಶೀಘ್ರ ಎಳೆಗಳೇ ಹೆಚ್ಚು ಸೊರಗುತ್ತವೆ. ಆದ್ದರಿಂದ ಭಾರ ಎತ್ತುವ ಬಲಕ್ಕಿಂತ, ಬಲವನ್ನು ಥಟ್ಟನೆ ಹೊರಹಾಕುವ ಶಕ್ತಿ ಬೇಗ ಇಳಿಯುತ್ತದೆ. ವಯಸ್ಸಿನೊಂದಿಗೆ ಸ್ನಾಯು ಕರಗುವ ಈ ಸ್ಥಿತಿಗೆ 1989ರಲ್ಲಿ ‘ಸಾರ್ಕೋಪೀನಿಯಾ’ ಎಂಬ ಹೆಸರು ಬಂತು.

‘ನೀವು ಕೂತಿರಿ’ ಎನ್ನಬೇಡಿ

ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಕಾಲು ಜಾರಿದಾಗ ನಮ್ಮನ್ನು ಉಳಿಸುವುದು ಬರಿಯ ಬಲವಲ್ಲ. ಇನ್ನೊಂದು ಕಾಲನ್ನು ಚಕ್ಕನೆ ಮುಂದಿಡುವ ವೇಗ. ಅದು ತಪ್ಪಿದರೆ ಸೊಂಟದ ಮೂಳೆ ಮುರಿಯಬಹುದು. ಅಲ್ಲಿಂದ ಹಾಸಿಗೆ, ಪರಾಧೀನತೆ. ಈ ಭಯದಿಂದಲೇ ಮನೆಯವರು ಹಿರಿಯರನ್ನು ‘ನೀವು ಕೂತಿರಿ, ನಾವು ಮಾಡುತ್ತೇವೆ’ ಎಂದು ಕೂರಿಸುತ್ತಾರೆ. ಪ್ರೀತಿಯ ಮಾತೇ ಹೌದು. ಆದರೆ ಕೂತಷ್ಟೂ ಸ್ನಾಯು ಕರಗುತ್ತದೆ, ಬೀಳುವ ಸಂಭವ ಹೆಚ್ಚುತ್ತದೆ.

ಸ್ನಾಯು ಯಾವ ವಯಸ್ಸಿನಲ್ಲೂ ಕಲಿಯಬಲ್ಲದು. 1990ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವೃದ್ಧಾಶ್ರಮದಲ್ಲಿದ್ದ ಸರಾಸರಿ 90 ವರ್ಷದ ಹತ್ತು ಮಂದಿ ಎಂಟು ವಾರಗಳ ಭಾರದ ವ್ಯಾಯಾಮಕ್ಕೆ ಮುಂದಾದರು. ಅದನ್ನು ಪೂರೈಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಮೀರಿ ಏರಿತು! ನಮ್ಮ ಬಡಗುತಿಟ್ಟಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು (1933–2017) ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ಟಿ ರಂಗವೇರುತ್ತಿದ್ದುದನ್ನು ಕಂಡವರು ಅನೇಕರಿದ್ದಾರೆ. ಎಲ್ಲರೂ ಚಿಟ್ಟಾಣಿಯಾಗಬೇಕಿಲ್ಲ. ಬಿಡದ ಅಭ್ಯಾಸದ ಬೆಲೆಯನ್ನು ಅರಿತರೆ ಸಾಕು.

ಮನೆಯಲ್ಲೇ ಮಾಡಬಹುದಾದ್ದು ಇಷ್ಟು: ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ಬೇಗನೆ ಎದ್ದು, ನಿಧಾನವಾಗಿ ಕೂರುವುದು. ಮೊದಲು ಐದು ಬಾರಿ, ಕ್ರಮೇಣ ಹತ್ತು ಬಾರಿ. ಬಳಿಕ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು. ಉಸಿರು ಬಿಗಿಹಿಡಿಯಬಾರದು. ಹೃದ್ರೋಗ, ರಕ್ತದೊತ್ತಡ, ಕೀಲುನೋವು ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಊಟದಲ್ಲಿ ಗಂಜಿಯೊಂದಿಗೆ ಬೇಳೆ, ಹೆಸರುಕಾಳು, ಮೊಸರು, ತಿನ್ನುವವರಿಗೆ ಮೀನು ಇರಲಿ.

ಒಂದು ಎಚ್ಚರಿಕೆ. ವರ್ಷಗಳಲ್ಲಿ ಮೆಲ್ಲನೆ ಬರುವ ನಿಧಾನ ವಯಸ್ಸಿನದ್ದಿರಬಹುದು. ಒಮ್ಮೆಲೇ ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಒಂದೇ ಪಕ್ಕದಲ್ಲಿ ನಡುಕ, ಬಿಗಿತ ಕಾಣಿಸಿದರೂ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿ.

ನಾಳೆ ಬೆಳಿಗ್ಗೆ ಅಜ್ಜ ಕುರ್ಚಿಯಿಂದ ಏಳುವಾಗ ಕೈ ಹಿಡಿದು ಎತ್ತಬೇಡಿ. ಪಕ್ಕದಲ್ಲಿ ನಿಲ್ಲಿ, ಅವರೇ ಏಳಲಿ.