ಪುಣೆಗೆ ಹೊರಟ ಹಳೆ ಕಾರು: ನಂಬಿದ್ದೇನು, ನಿಜವೇನು

ಹಳೆ ಕಾರು ಸಾಕಿಕೊಂಡವರಿಗೆ ಪುಣೆ ಒಂದು ಬಗೆಯ ತವರು. 1991ರ ಟಾಟಾ ಸಿಯೆರಾ, 1998ರ ಇಂಡಿಕಾ ಎರಡೂ ಹುಟ್ಟಿದ್ದು ಅಲ್ಲಿನ ಕಾರ್ಖಾನೆಯಲ್ಲಿ. ಭಾರತದಲ್ಲಿ ಜೋಡಿಸಿದ ಮೊದಲ ಮರ್ಸಿಡಿಸ್ ಬೆಂಜ್ ಕಾರುಗಳು 1995ರಲ್ಲಿ ರಸ್ತೆಗಿಳಿದದ್ದೂ ಪುಣೆಯಿಂದಲೇ. ದೇಶದ ವಾಹನಗಳನ್ನು ಪರೀಕ್ಷೆಗೆ ಒಡ್ಡುವ ಎಆರ್‌ಎಐ ಸಂಸ್ಥೆ 1966ರಿಂದ ಅಲ್ಲೇ ಇದೆ. ಅಂಥ ಊರಲ್ಲಿ ಹಳೆ ಕಾರುಗಳ ಮೇಳವೆಂದರೆ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿಯವರಿಗೂ ಹೋಗಿಬರುವ ಆಸೆಯಾಗುತ್ತದೆ. ಆದರೂ ಅನೇಕರು ಶೆಡ್ಡಿನಿಂದ ಕಾರು ತೆಗೆಯುವುದಿಲ್ಲ. ತೆಗೆದರೂ ಲಾರಿಗೆ ಹೇರಿ ಕಳಿಸುತ್ತಾರೆ. ಕಾರಣ ಕೇಳಿದರೆ ಕಾನೂನಿನ ಭಯ, ಪೊಲೀಸರ ಭಯ, ಪೆಟ್ರೋಲಿನ ಭಯ. ಇವುಗಳಲ್ಲಿ ಬಹಳಷ್ಟು ಬುಡವಿಲ್ಲದವು. ನಿಜಕ್ಕೂ ಹೆದರಬೇಕಾದ ಸಂಗತಿಗಳು ಬೇರೆಯೇ ಇವೆ, ಮತ್ತು ಅವುಗಳ ಬಗ್ಗೆ ನಮ್ಮ ಗ್ಯಾರೇಜುಗಳಲ್ಲಿ ಮಾತೇ ಏಳುವುದಿಲ್ಲ.

“ಹದಿನೈದು ವರ್ಷ ದಾಟಿದ ಕಾರನ್ನು ಮಹಾರಾಷ್ಟ್ರದಲ್ಲಿ ಜಪ್ತಿ ಮಾಡುತ್ತಾರೆ.”

ಮಾಡುವುದಿಲ್ಲ. ಈ ಮಾತು ಹಬ್ಬಿದ್ದು ದಿಲ್ಲಿಯಿಂದ. ಡೀಸೆಲ್‌ಗೆ 10 ವರ್ಷ, ಪೆಟ್ರೋಲ್‌ಗೆ 15 ವರ್ಷ ಎಂಬ ಮಿತಿಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹಾಕಿದ್ದು, ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದದ್ದು ದಿಲ್ಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ. ಉಳಿದ ಕಡೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದರೆ ಆರ್‌ಟಿಒಗೆ ಗಾಡಿ ತೋರಿಸಿ, ಎಫ್‌ಸಿ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಶುಲ್ಕ ಮಾತ್ರ ಹಗುರಲ್ಲ: 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಇನ್ನೂ ಏರಿತು. ನವೀಕರಿಸಿದ ಆರ್‌ಸಿ, ವಿಮೆ, ಹೊಗೆ ತಪಾಸಣೆ ಪತ್ರ, ಚಾಲನಾ ಪರವಾನಗಿ ಇದ್ದರೆ ಗಡಿಯ ಕೊಗನೊಳ್ಳಿ ದಾಟಿ ಮಹಾರಾಷ್ಟ್ರದ ಕಾಗಲ್ ಹೊಕ್ಕಾಗ ನಿಮ್ಮ ಕಾರೂ ಹೊಸ ಕಾರೂ ಒಂದೇ. ಎನ್‌ಒಸಿ ಬೇಕು ಎನ್ನುವುದೂ ತಪ್ಪು. ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಬೇರೆ ರಾಜ್ಯದಲ್ಲಿ ಇಟ್ಟುಕೊಳ್ಳುವವರಿಗೆ ಮರುನೋಂದಣಿಯ ಪ್ರಶ್ನೆ ಬರುತ್ತದೆ, ನಾಲ್ಕು ದಿನದ ಮೇಳಕ್ಕೆ ಹೋಗಿಬರುವವರಿಗಲ್ಲ.

“ವಿಂಟೇಜ್ ಎಂದು ನೋಂದಾಯಿಸಿದರೆ ಅಪ್ಪನ ಕಾಲದ ನಂಬರ್ ಹೋಗುತ್ತದೆ.”

ಹಳೆ ಮೈಸೂರು ರಾಜ್ಯದ ‘ಎಂವೈ’ ಅಕ್ಷರಗಳ ಫಲಕವನ್ನು ಜೋಪಾನ ಮಾಡಿಕೊಂಡು ಬಂದವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮ ಈಗಾಗಲೇ ನೋಂದಣಿಯಾದ ಗಾಡಿಯ ಹಳೆ ನಂಬರನ್ನೇ ಉಳಿಸುತ್ತದೆ. ‘ವಿಎ’ ಸರಣಿ ಹೊಸದಾಗಿ ನೋಂದಣಿ ಆಗುವಂಥವಕ್ಕೆ. 50 ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಮಾನ್ಯತೆ. ಇಲ್ಲಿ ಗಮನಿಸಬೇಕಾದ ಷರತ್ತು ಬೇರೆ: ಹೀಗೆ ನೋಂದಾಯಿಸಿದ ಕಾರನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು, ರಿಪೇರಿ ಇಷ್ಟಕ್ಕೆ ಮಾತ್ರ ರಸ್ತೆ. ಆದ್ದರಿಂದ ಮೇಳದ ಆಹ್ವಾನ ಪತ್ರ ಕಾರಿನಲ್ಲೇ ಇರಲಿ. ವಿಮೆಯವರ ವಿಂಟೇಜ್ ಇನ್ನೊಂದು: ಅವರ ಹಳೆಯ ದರಪಟ್ಟಿಯ ಪ್ರಕಾರ 1940ರ ಡಿಸೆಂಬರ್ 31ಕ್ಕೆ ಮುಂಚೆ ತಯಾರಾದದ್ದು ಮಾತ್ರ ಆ ಹೆಸರಿಗೆ ಅರ್ಹ. ಎರಡನ್ನೂ ಕಲಸಿಕೊಂಡು ಏಜೆಂಟರ ಹತ್ತಿರ ವಾದಕ್ಕಿಳಿಯುವವರು ಬಹಳ.

“ಇ20 ಪೆಟ್ರೋಲ್ ಹಾಕಿದರೆ ಹಳೆ ಇಂಜಿನ್ ದಾರಿಯಲ್ಲೇ ಸಾಯುತ್ತದೆ, ಅದಕ್ಕೆ 100 ಆಕ್ಟೇನ್ ಹಾಕಬೇಕು.”

ಇ20 ಎಂದರೆ ಎಥನಾಲ್ ಬೆರೆಸಿದ ಪೆಟ್ರೋಲ್; ಒಂದು ಟ್ಯಾಂಕ್ ಇ20ಯಿಂದ ಇಂಜಿನ್ ಸಾಯುವುದಿಲ್ಲ. ತೊಂದರೆ ಆಗುವುದು ಇಂಜಿನ್ನಿಗಿಂತ ಮೊದಲು ಸಿಗುವ ರಬ್ಬರಿಗೆ. ಹಳೆ ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್, ಕಾರ್ಬುರೇಟರಿನ ವಾಷರುಗಳು ಎಥನಾಲ್‌ಗೆ ಉಬ್ಬಿ ಮೆತ್ತಗಾಗುತ್ತವೆ, ಸೋರಲು ಶುರುವಾಗುತ್ತದೆ. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ. ಹೊರಡುವ ಮುನ್ನ ಟ್ಯಾಂಕ್ ಖಾಲಿ ಮಾಡಿಸಿ, ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ, ಫಿಲ್ಟರ್ ಬದಲಿಸಿ. ಮಿಶ್ರಣ ತೆಳುವಾಗುವುದರಿಂದ ಮೆಕ್ಯಾನಿಕ್‌ಗೆ ಕಾರ್ಬುರೇಟರಿನ ಜೆಟ್ ನೋಡಲು ಹೇಳಿ. ಇನ್ನು ಆಕ್ಟೇನ್ ಎಂಬುದು ಶಕ್ತಿಯ ಅಳತೆಯಲ್ಲ, ಒತ್ತಡದಲ್ಲಿ ಪೆಟ್ರೋಲ್ ತಾನಾಗಿ ಸಿಡಿಯದಂತೆ ತಡೆಯುವ ಗುಣ. ಪದ್ಮಿನಿ, ಅಂಬಾಸಿಡರ್‌ನಂಥ ಕಡಿಮೆ ಕಂಪ್ರೆಷನ್ನಿನ ಇಂಜಿನ್‌ಗೆ 100 ಆಕ್ಟೇನಿನಿಂದ ಯಾವ ಬಲವೂ ಬರುವುದಿಲ್ಲ.

“ಹೀಟ್ ಆಗುತ್ತೆ, ಥರ್ಮೋಸ್ಟಾಟ್ ತೆಗೆದುಬಿಡಿ.”

ಈ ಸಲಹೆ ಕೊಡದ ಗ್ಯಾರೇಜೇ ಅಪರೂಪ. ಥರ್ಮೋಸ್ಟಾಟ್ ನೀರಿನ ಹರಿವನ್ನು ಹದದಲ್ಲಿಡುವ ಕವಾಟ. ಅದನ್ನು ಕಿತ್ತರೆ ಇಂಜಿನ್ ಕಾವಿಗೆ ಬರಲು ತಡವಾಗಿ ಸವೆತ ಹೆಚ್ಚುತ್ತದೆ. ಕೆಲವು ಇಂಜಿನ್‌ಗಳಲ್ಲಿ ನೀರು ರೇಡಿಯೇಟರ್ ಬಿಟ್ಟು ಅಡ್ಡದಾರಿಯಲ್ಲಿ ಸುತ್ತಿ ಇನ್ನೂ ಕಾಯುತ್ತದೆ. ಹೀಟ್ ಆಗಲು ನಿಜ ಕಾರಣ ಬಹಳ ಸಲ ಬೋರ್‌ವೆಲ್ ನೀರು. ವರ್ಷಗಟ್ಟಲೆ ಅದನ್ನೇ ಸುರಿದು ರೇಡಿಯೇಟರಿನ ಸಣ್ಣ ನಳಿಗೆಗಳಲ್ಲಿ ಸುಣ್ಣ ಕಟ್ಟಿರುತ್ತದೆ. ರೇಡಿಯೇಟರನ್ನು ತೊಳೆಸಿ, ಕೂಲಂಟ್ ಹಾಕಿ, ಒತ್ತಡ ಹಿಡಿಯದ ಹಳೆ ಮುಚ್ಚಳ ಬದಲಿಸಿ. ಹಿರಿಯೂರು, ಚಿತ್ರದುರ್ಗದ ಬಿಸಿಲಿನಲ್ಲಿ ಗೇಜು ಸರಿಯಾಗಿದ್ದೂ ಕಾರು ಕೆಮ್ಮಿ ನಿಂತರೆ ಅದು ಹೀಟ್ ಅಲ್ಲ, ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಗಾಳಿ ಹಿಡಿದದ್ದು. ಬಾನೆಟ್ ಎತ್ತಿ, ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಬಿಡಿ. ಹಳೆ ಟ್ಯಾಕ್ಸಿಯವರ ಈ ಉಪಾಯ ಮೂಢನಂಬಿಕೆಯಲ್ಲ, ಶುದ್ಧ ವಿಜ್ಞಾನ.

“ಬೇಸಿಗೆಯಲ್ಲಿ ಟೈರಿಗೆ ಗಾಳಿ ಕಮ್ಮಿ ಇರಲಿ.”

ಇದು ಅಪಾಯದ ಮಾತು. ಗಾಳಿ ಕಮ್ಮಿಯಾದಷ್ಟೂ ಟೈರಿನ ಪಕ್ಕೆ ಹೆಚ್ಚು ಮಡಚಿಕೊಂಡು ಒಳಗೇ ಶಾಖ ಹುಟ್ಟುತ್ತದೆ, ಹೆದ್ದಾರಿಯಲ್ಲಿ ಟೈರು ಸಿಡಿಯುವುದು ಬಹುತೇಕ ಹೀಗೆ. ಕಂಪನಿ ಹೇಳಿದ ಒತ್ತಡವನ್ನು ಟೈರು ತಣ್ಣಗಿರುವಾಗಲೇ ಹಿಡಿಸಿ. ಗೀರು ಆಳವಾಗಿದೆ ಎಂದು ಹಳೆ ಟೈರನ್ನು ನಂಬಿಕೊಳ್ಳಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ: 2314 ಎಂದಿದ್ದರೆ 2014ನೇ ಇಸವಿಯ 23ನೇ ವಾರದ ಟೈರು. ಶೆಡ್ಡಿನಲ್ಲೇ ಇದ್ದು ಗೀರು ಸವೆಯದಿದ್ದರೂ ಅಷ್ಟು ಹಳೆಯ ರಬ್ಬರು ಒಳಗೇ ಬಿರುಕುಬಿಟ್ಟಿರುತ್ತದೆ.

“ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ, ಇಂಜಿನ್‌ಗೂ ವಿಶ್ರಾಂತಿ.”

ಈ ಎಲ್ಲವುಗಳಲ್ಲಿ ಜೀವಕ್ಕೆ ಎರವಾಗುವುದು ಇದು. ಬೆಂಗಳೂರಿನಿಂದ ಪುಣೆಗೆ ಸುಮಾರು 840 ಕಿಲೋಮೀಟರ್, ಈಗ ರಾಷ್ಟ್ರೀಯ ಹೆದ್ದಾರಿ 48, ನಮ್ಮ ಹಿರಿಯರ ಎನ್‌ಎಚ್ 4. ನಿಪ್ಪಾಣಿ, ಕೊಲ್ಹಾಪುರ, ಕರಾಡದವರೆಗೆ ದೊಡ್ಡ ಘಾಟಿಗಳಿಲ್ಲ. ಕಷ್ಟವೆಲ್ಲ ಕೊನೆಗೆ, ಕಾರೂ ಚಾಲಕನೂ ದಣಿದ ಹೊತ್ತಿಗೆ ಬರುತ್ತದೆ. ಸಾತಾರಾ ದಾಟಿದ ಮೇಲೆ ಖಂಬಾಟ್ಕಿ. ಪುಣೆಯತ್ತ ಹೋಗುವವರಿಗೆ ಅಲ್ಲಿ ಸುರಂಗ, ಅದರಿಂದ ಹೊರಬಿದ್ದ ಮೇಲೆ ಇಳಿಜಾರು ಮತ್ತು ಎಸ್ ಆಕಾರದ ತಿರುವು. ಹಿಂತಿರುಗುವಾಗ ಹಳೆ ಘಾಟಿನ ಏರು. ಆಮೇಲೆ ಕಾತ್ರಜ್‌ನ ಹೊಸ ಸುರಂಗ. ಅದರಾಚೆ ನವಲೆ ಸೇತುವೆಯವರೆಗೆ ಕಿಲೋಮೀಟರುಗಟ್ಟಲೆ ಬಿಡದ ಇಳಿಜಾರು, ಕೆಳಗೆ ನಗರದ ದಟ್ಟ ಸಂಚಾರ. 2022ರ ನವೆಂಬರ್‌ನಲ್ಲಿ ಇಲ್ಲಿ ಒಂದೇ ಲಾರಿ ಹತ್ತಾರು ವಾಹನಗಳಿಗೆ ಗುದ್ದಿತು. ಇಂಧನ ಉಳಿಸಲು ಗಾಡಿಯನ್ನು ಇಳಿಜಾರಿಗೆ ಬಿಟ್ಟದ್ದೇ ಕಾರಣವೆಂಬ ಮಾತು ಆಗ ತನಿಖೆಯಲ್ಲಿ ಕೇಳಿಬಂತು.

ನ್ಯೂಟ್ರಲ್‌ನಲ್ಲಿ ಚಕ್ರಕ್ಕೂ ಇಂಜಿನ್ನಿಗೂ ಸಂಬಂಧ ಕಡಿಯುತ್ತದೆ, ಇಡೀ ಭಾರ ಬ್ರೇಕಿನ ಮೇಲೆ. ಪದ್ಮಿನಿಯ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಒತ್ತಿ ಹಿಡಿದಷ್ಟೂ ಡ್ರಮ್ ಕಾದು ಹಿಗ್ಗುತ್ತದೆ, ಶೂ ಅದನ್ನು ಮುಟ್ಟಲು ಇನ್ನಷ್ಟು ದೂರ ಚಾಚಬೇಕು, ಲೈನಿಂಗ್‌ನ ಹಿಡಿತ ಜಾರುತ್ತದೆ, ಪೆಡಲ್ ಕೆಳಗೆ ಹೋಗುತ್ತದೆ. ಹಳೆ ಬ್ರೇಕ್ ಆಯಿಲಿನಲ್ಲಿ ನೀರಂಶ ಸೇರಿದ್ದರೆ ಅದು ಕುದ್ದು ಆವಿಯಾಗಿ ಪೆಡಲ್ ಪೂರ್ತಿ ಮೆತ್ತಗಾಗುತ್ತದೆ. ಉಳಿಯುವ ಪೆಟ್ರೋಲಾದರೂ ಎಷ್ಟು? ಇಂಜೆಕ್ಷನ್ ಇರುವ ಕಾರು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲೇ ಹೆಚ್ಚು ಕುಡಿಯುತ್ತದೆ. ಕಾರ್ಬುರೇಟರ್ ಕಾರಿನಲ್ಲಿ ಉಳಿದರೂ ಅದು ಕೆಲವು ಹನಿ. ಏರಲು ಯಾವ ಗೇರು ಬೇಕಿತ್ತೋ ಅದೇ ಗೇರಿನಲ್ಲಿ ಇಳಿಯಿರಿ, ಅದನ್ನೂ ಇಳಿಜಾರು ಶುರುವಾಗುವ ಮುಂಚೆಯೇ ಹಾಕಿಕೊಳ್ಳಿ. ಬ್ರೇಕನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ; ಕಾಲು ಇಟ್ಟೇ ಇರಬೇಡಿ.

ರಾತ್ರಿ ತಂಪು, ಒಂದೇ ಏಟಿಗೆ ಹೋಗಿಬಿಡೋಣ ಎನ್ನುವವರಿಗೂ ಒಂದು ಮಾತು. ಡೈನಮೋ ಕಾಲದ ದೀಪಗಳ ಬೆಳಕಿನಲ್ಲಿ ರಸ್ತೆಬದಿ ನಿಂತ ಲಾರಿ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಧಾರವಾಡದಲ್ಲೋ ಬೆಳಗಾವಿಯಲ್ಲೋ ತಂಗಿ, ನಸುಕಿನಲ್ಲಿ ಹೊರಟು, ಕಾತ್ರಜ್ ಇಳಿಜಾರನ್ನು ಹಗಲಲ್ಲೇ ಮುಗಿಸಿ. ಮೇಳಕ್ಕೆಂದು ಪೇಂಟ್, ಕ್ರೋಮ್, ಪಾಲಿಶ್‌ಗೆ ಖರ್ಚು ಮಾಡುವ ಮೊದಲು ನಾಲ್ಕೂ ಡ್ರಮ್ ಬಿಚ್ಚಿಸಿ ಲೈನಿಂಗ್ ನೋಡಿ, ಬ್ರೇಕ್ ಆಯಿಲ್ ಹೊಸದು ಹಾಕಿಸಿ. ಅಷ್ಟು ಮಾಡಿದ್ದರೆ ಲಾರಿಗೆ ಹೇರಬೇಡಿ, ಓಡಿಸಿಕೊಂಡೇ ಹೋಗಿ.