ನಕಾಶೆಯಲ್ಲಿಲ್ಲದ ದೇಶ ಕುಣಿತದಲ್ಲಿ ಉಳಿದಿತ್ತು!

ರಾಷ್ಟ್ರಗೀತೆ ಅಂದರೆ ನೆಟ್ಟಗೆ ನಿಂತು ಗಂಭೀರವಾಗಿ ಹಾಡುವುದು ಎಂದಷ್ಟೇ ನಮಗೆ ಗೊತ್ತು. ಅದರ ಧಾಟಿ ಕುಣಿತದ್ದಾಗಿದ್ದರೆ? ಪೋಲೆಂಡ್‌ನದ್ದು ಹಾಗೇ ಇದೆ. ಅದು ಮಜುರ್ಕಾ ಎಂಬ ಜನಪದ ಕುಣಿತದ ಮಟ್ಟು.

ನವೆಂಬರ್ 11 ಪೋಲೆಂಡ್‌ನ ಸ್ವಾತಂತ್ರ್ಯ ದಿನ. ಆಗ ಅಲ್ಲಿನ ನಗರಗಳಲ್ಲಿ ದೇಶಭಕ್ತಿಯ ಆರ್ಕೆಸ್ಟ್ರಾ ಕಛೇರಿಗಳು ನಡೆಯುತ್ತವೆ. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾ ಅಂದುಕೊಳ್ಳಬೇಡಿ. ಪಿಟೀಲು, ಚೆಲ್ಲೊ, ಕೊಳಲು, ಕಹಳೆ, ನಗಾರಿ ಹಿಡಿದ ಹತ್ತಾರು ವಾದಕರು ಒಬ್ಬರ ಕೈಸನ್ನೆ ನೋಡುತ್ತಾ ನುಡಿಸುವ ವಾದ್ಯವೃಂದ ಅದು. ಇಂಥ ಕಛೇರಿಗಳನ್ನು ಯೂಟ್ಯೂಬ್‌ನಲ್ಲಿ ಕೇಳುವಾಗ ನನಗೆ ಕಾಡಿದ ಪ್ರಶ್ನೆ ಒಂದೇ: ದೇಶಭಕ್ತಿಯ ಕಾರ್ಯಕ್ರಮದಲ್ಲಿ ಇಷ್ಟೊಂದು ಕುಣಿತದ ಸಂಗೀತ ಯಾಕೆ?

ಉತ್ತರ ಇತಿಹಾಸದಲ್ಲಿದೆ. 1772, 1793 ಮತ್ತು 1795ರಲ್ಲಿ ನೆರೆಯ ಸಾಮ್ರಾಜ್ಯಗಳಾದ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ ಪೋಲೆಂಡನ್ನು ತುಂಡು ತುಂಡಾಗಿ ಹಂಚಿಕೊಂಡವು. 1918ರವರೆಗೆ, ಅಂದರೆ 123 ವರ್ಷ, ಪೋಲೆಂಡ್ ಎಂಬ ಸ್ವತಂತ್ರ ದೇಶವೇ ನಕಾಶೆಯಲ್ಲಿರಲಿಲ್ಲ. ಈಗಿನ ರಾಷ್ಟ್ರಗೀತೆ ಹುಟ್ಟಿದ್ದೂ ದೇಶ ಮಾಯವಾದ ಎರಡು ವರ್ಷಕ್ಕೆ, 1797ರಲ್ಲಿ. ಇಟಲಿಯಲ್ಲಿದ್ದ ಪೋಲಿಷ್ ಸೈನಿಕರಿಗಾಗಿ ಯೂಜೆಫ್ ವಿಬಿಟ್ಸ್ಕಿ ಅದನ್ನು ಬರೆದರು.

ಪೋಲೆಂಡ್‌ಗೆ ಐದು ರಾಷ್ಟ್ರೀಯ ಕುಣಿತಗಳಿವೆ. ಪೊಲೊನೇಜ್ ಜೋಡಿ ಜೋಡಿಯಾಗಿ ಗತ್ತಿನಿಂದ ಹೆಜ್ಜೆ ಹಾಕುವಂಥದ್ದು. ಮಜೂರ್ ಚುರುಕು, ಕುಯಾವ್ಯಾಕ್ ನಿಧಾನ, ಒಬೆರೆಕ್ ಗಿರಗಿರನೆ ತಿರುಗುವಂಥದ್ದು. ಇವು ನಾಲ್ಕೂ ಮೂರರ ಎಣಿಕೆಯವು. ಕ್ರಾಕೋವ್ಯಾಕ್ ಮಾತ್ರ ಎರಡರ ಎಣಿಕೆಯಲ್ಲಿ ಕುದುರೆಯಂತೆ ಜಿಗಿಯುತ್ತದೆ.

ಸಂಗೀತಗಾರ ಶೋಪ್ಯಾನ್ 1830ರ ನವೆಂಬರ್‌ನಲ್ಲಿ ವಾರ್ಸಾ ಬಿಟ್ಟಾಗ ಅವನಿಗೆ ಇಪ್ಪತ್ತು, ಈಗ ನನಗಿರುವ ವಯಸ್ಸು. ಅದೇ ತಿಂಗಳು ಅಲ್ಲಿ ರಷ್ಯಾ ವಿರುದ್ಧ ದಂಗೆ ಎದ್ದಿತು. ಆತ ಮತ್ತೆ ತಾಯ್ನಾಡಿಗೆ ಮರಳಲೇ ಇಲ್ಲ. ಆದರೆ ಪ್ಯಾರಿಸ್‌ನಲ್ಲಿ ಕೂತು ಪಿಯಾನೊಗೆ ಮಜುರ್ಕಾ, ಪೊಲೊನೇಜ್‌ಗಳನ್ನು ಬರೆಯುತ್ತಲೇ ಇದ್ದ. 1849ರಲ್ಲಿ ತೀರಿಕೊಂಡ ಮೇಲೆ ಅವನ ಹೃದಯವನ್ನು ಅಕ್ಕ ವಾರ್ಸಾಗೆ ತಂದಳು.

ಮಾತಿಲ್ಲದ ಸಂಗೀತಕ್ಕೆ ಯಾರು ಹೆದರುತ್ತಾರೆ ಅನ್ನಬಹುದು. ಆಳುವವರು ಹೆದರಿದರು. 1865ರಲ್ಲಿ ವಾರ್ಸಾದಲ್ಲಿ ಮೊನ್ಯುಷ್ಕೊ ಅವರ 'ದೆವ್ವದ ಬಂಗಲೆ' ಎಂಬ ಅರ್ಥದ ಹೆಸರಿನ ಒಪೆರಾ ರಂಗಕ್ಕೆ ಬಂತು. ಜನರ ಉತ್ಸಾಹ ಕಂಡು ರಷ್ಯಾದ ಅಧಿಕಾರಿಗಳು ಮೂರೇ ಪ್ರದರ್ಶನಕ್ಕೆ ಅದನ್ನು ನಿಲ್ಲಿಸಿದರು. ಅದರಲ್ಲಿನ ಮಜೂರ್ ಇಂದು ಕಛೇರಿಗಳ ಅಚ್ಚುಮೆಚ್ಚು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಶೋಪ್ಯಾನ್ ಸಂಗೀತವನ್ನೂ ಬಹಿರಂಗವಾಗಿ ನುಡಿಸಲು ಬಿಡಲಿಲ್ಲ. ಜನ ಮನೆಗಳಲ್ಲಿ ಗುಟ್ಟಾಗಿ ನುಡಿಸಿದರು.

ನನಗೆ ತುಂಬಾ ಹಿಡಿಸಿದ್ದು ಮತ್ತೊಂದು ಸಂಗತಿ. ನಮ್ಮ ಪಿಯು ಪರೀಕ್ಷೆಯಂಥ 'ಮತುರಾ'ಗೆ ಸುಮಾರು ನೂರು ದಿನ ಇರುವಾಗ ಅಲ್ಲಿನ ವಿದ್ಯಾರ್ಥಿಗಳು ಒಂದು ಸಮಾರಂಭ ಮಾಡುತ್ತಾರೆ. ಅದು ಶುರುವಾಗುವುದೇ ಪೊಲೊನೇಜ್‌ನಿಂದ. 1999ರ 'ಪಾನ್ ತಾದೇಉಷ್' ಸಿನಿಮಾಗೆ ವೊಯ್ಚೆಖ್ ಕಿಲಾರ್ ಕೊಟ್ಟ ಪೊಲೊನೇಜ್ ಈಗ ಅಲ್ಲಿ ತುಂಬಾ ಜನಪ್ರಿಯ. ಪರೀಕ್ಷೆಯ ಭಯದ ನಡುವೆಯೂ ಅಜ್ಜಂದಿರ ಹೆಜ್ಜೆಯನ್ನು ಹದಿನೆಂಟರ ಹುಡುಗ ಹುಡುಗಿಯರು ಅಭ್ಯಾಸ ಮಾಡುತ್ತಾರೆ. 2023ರಲ್ಲಿ ಯುನೆಸ್ಕೊ ಈ ಕುಣಿತವನ್ನು ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿತು.

ದೇಶಪ್ರೇಮವನ್ನು ಘೋಷಣೆ, ಸ್ಟೇಟಸ್‌ಗಳಲ್ಲಿ ಅಳೆಯುವ ಕಾಲ ನಮ್ಮದು. ಪೋಲೆಂಡ್‌ನವರು ಅದನ್ನು ಕಾಲಿಗೆ ಕಲಿಸಿ ಮುಂದಿನ ತಲೆಮಾರಿಗೆ ದಾಟಿಸಿದರು. ದೇಶ ಹಂಚಿಕೊಂಡ ಆ ಮೂರೂ ಸಾಮ್ರಾಜ್ಯಗಳು ಇಂದು ಇಲ್ಲ. ಪೊಲೊನೇಜ್ ನಡೆಯುತ್ತಲೇ ಇದೆ.