ತಂಗಳ ಪೆಟ್ಟಿಗೆಯಲ್ಲಿ ಉಳ್ಳಾಗಡ್ಡಿ ತಪ್ಪಲು

ಸಂತೆಯಿಂದ ಬರುವಾಗ ಅದರ ಠೀವಿಯೇ ಬೇರೆ. ಚೀಲದ ಬಾಯಿಂದ ಒಂದು ಗೇಣು ಹೊರಗೆ ಇಣುಕುತ್ತಿರುತ್ತದೆ. ಮೊದಲ ದಿನ ರೊಟ್ಟಿಯ ಜೊತೆ ನಾಲ್ಕು ಎಸಳು, ಮರುದಿನ ಒಂದಿಷ್ಟು ಪಲ್ಯ. ಉಳಿದರ್ಧ ಕಟ್ಟು ಪ್ಲಾಸ್ಟಿಕ್ ಚೀಲದೊಳಗೆ, ಫ್ರಿಜ್ಜಿನ ಮೂಲೆ ಸೇರುತ್ತದೆ. ವಾರದ ಬಳಿಕ ಯಾರಾದರೂ ಹೊರಗೆಳೆದರೆ ಕೈಗೆ ಲೋಳೆ, ಮೂಗಿಗೆ ನಾತ. ಬಳ್ಳಾರಿಯ ಕಡೆ ಉಳ್ಳಾಗಡ್ಡಿ ತಪ್ಪಲು ಎಂದೂ ಬೆಂಗಳೂರು, ಮೈಸೂರಿನವರ ಬಾಯಲ್ಲಿ ಈರುಳ್ಳಿ ಹೂ ಎಂದೂ ಕರೆಸಿಕೊಳ್ಳುವ ಈ ಸೊಪ್ಪಿನ ಕತೆ ಅನೇಕ ಮನೆಗಳಲ್ಲಿ ಹೀಗೇ ಮುಗಿಯುತ್ತದೆ.

ಇದು ಹಳೆಯ ರೋಗವಲ್ಲ. ಸಿರುಗುಪ್ಪದ ಗದ್ದೆಗೋ ಕುರುಗೋಡಿನ ಮೆಣಸಿನಕಾಯಿ ಹೊಲಕ್ಕೋ ಬುತ್ತಿ ಕಟ್ಟಿಕೊಂಡು ಹೋಗುವವರ ಮನೆಯಲ್ಲಿ ತಪ್ಪಲು ಕೊಳೆಯಲು ಅವಕಾಶವೇ ಇಲ್ಲ. ಬೇಕಾದಷ್ಟು ಕೊಂಡು, ಅಂದೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿಯ ಜೊತೆ ಹಸಿಯಾಗಿಯೇ ಕಡಿದು ಮುಗಿಸುತ್ತಾರೆ. ವಾರಕ್ಕಾಗುವಷ್ಟು ಸೊಪ್ಪನ್ನು ಒಮ್ಮೆಲೇ ತಂದಿಡುವ ಅಭ್ಯಾಸ ಕಲಿಸಿದ್ದು ಫ್ರಿಜ್. ನಮ್ಮವರು ಅದಕ್ಕೆ ತಂಗಳ ಪೆಟ್ಟಿಗೆ ಎಂದು ಹೆಸರಿಟ್ಟದ್ದು ತಮಾಷೆಗಾದರೂ ಸುಳ್ಳಲ್ಲ. ತಂಪಿನಲ್ಲಿದೆ ಎಂಬ ಭರವಸೆಯೇ ಮರೆವಿಗೆ ಕಾರಣ.

ಕಸಕ್ಕೆ ಹೋಗುವುದು ಬರೀ ಸೊಪ್ಪೇ? ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತು ಸುಮಾರು 105 ಕೋಟಿ ಟನ್ ಆಹಾರವನ್ನು ವ್ಯರ್ಥ ಮಾಡಿತು. ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳದ್ದೇ. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಎಂದು ಅದೇ ವರದಿಯ ಅಂದಾಜು. ಬಳ್ಳಾರಿ ಸೀಮೆಯವರು ಈ ಲೆಕ್ಕವನ್ನು ನೀರಿನಲ್ಲಿ ಹಾಕಿಕೊಳ್ಳಬೇಕು. ಸಿರುಗುಪ್ಪಕ್ಕೆ ವಿಜಯನಗರ ಕಾಲದ ಕಾಲುವೆಯಿದೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹೊಸ ಕಾಲುವೆಗಳಿಗೆ ಹರಿಯಿತು. ಆದರೂ ಎರಡನೆಯ ಬೆಳೆಗೆ ನೀರು ಬಿಡುತ್ತಾರೋ ಇಲ್ಲವೋ ಎಂಬ ಆತಂಕ ರೈತರನ್ನು ಬಿಟ್ಟಿಲ್ಲ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಗಿ ನೀರು ನದಿ ಪಾಲಾದಾಗ ಇಡೀ ಸೀಮೆ ಉಸಿರು ಬಿಗಿಹಿಡಿದು ಕೂತಿತ್ತು. ಅಂಥ ನೀರು ಕುಡಿದು ಬೆಳೆದ ಸೊಪ್ಪು ಇದು. ಅದರ ತೂಕದಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ಕರಾವಳಿಯವರು ಈರುಳ್ಳಿಯನ್ನು ನೀರುಳ್ಳಿ ಎನ್ನುವುದು ಸರಿಯಾಗಿಯೇ ಇದೆ.

ಹಾಗೆ ನೋಡಿದರೆ ಆಹಾರ ಕಾಪಿಡುವ ವಿದ್ಯೆಯಲ್ಲಿ ಬಳ್ಳಾರಿಯವರು ಯಾರಿಗೂ ಕಡಿಮೆಯಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲೇ ಅವರ ಉಪಕರಣ. ಯುಗಾದಿಯ ಆಸುಪಾಸಿನಲ್ಲಿ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಶ್ಯಾವಿಗೆ ಹರಡಿಕೊಳ್ಳುತ್ತವೆ. ಚವಳಿಕಾಯಿ, ಹಾಗಲಕಾಯಿ ಹೋಳುಗಳು ಒಣಗುತ್ತವೆ. ಮಜ್ಜಿಗೆಯಲ್ಲಿ ನೆನೆದ ಮೆಣಸಿನಕಾಯಿ ಬಾಳಕವಾಗುತ್ತದೆ. ಹೊಲದ ಕಣದಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ. ಒಣಗಿದ ಮೇಲೂ ಅದರ ಬಣ್ಣ ಕೆಡದಿರಲೆಂದು ಚೀಲಗಳನ್ನು ಶೈತ್ಯಾಗಾರಕ್ಕೆ ಸಾಗಿಸಿ, ಬೆಲೆ ಬರುವವರೆಗೆ ಕಾಯುವ ರೈತರೂ ಇದ್ದಾರೆ. ಬಿಸಿಲಿನ ಜೊತೆ ತಂಪನ್ನೂ ಬಳಸಿಕೊಳ್ಳುವುದನ್ನು ವ್ಯಾಪಾರ ಆಗಲೇ ಕಲಿಸಿದೆ.

ತಪ್ಪಲು ಮಾತ್ರ ಈ ಬಿಸಿಲಿಗೆ ಬಗ್ಗುವುದಿಲ್ಲ. ಮೆಂತ್ಯದ ಸೊಪ್ಪು ಒಣಗಿದರೂ ಪರಿಮಳ ಉಳಿಸಿಕೊಳ್ಳುತ್ತದೆ. ಟೊಳ್ಳು ಕೊಳವೆಯಂಥ ಈ ಎಲೆ ಹಳದಿಗೆ ತಿರುಗಿ ಹುಲ್ಲಾಗುತ್ತದೆ. ಉಳ್ಳಿಯ ಘಾಟು ಎಲೆಯಲ್ಲಿ ಮೊದಲೇ ಸಿದ್ಧವಾಗಿ ಕುಳಿತಿರುವುದಿಲ್ಲ. ಗಂಧಕದ ಅಂಶವುಳ್ಳ ವಸ್ತು ಜೀವಕೋಶದ ಒಂದು ಕೋಣೆಯಲ್ಲಿ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕೋಣೆಯಲ್ಲಿ. ಈಳಿಗೆಯ ಅಲಗು ತಾಗಿ ಗೋಡೆ ಹರಿದಾಗಲೇ ಇವೆರಡೂ ಕೂಡುವುದು, ಕಣ್ಣಲ್ಲಿ ನೀರು ಬರುವುದು. ಹೀಗೆ ಹುಟ್ಟುವ ಘಾಟು ಗಾಳಿಗೆ ಬೇಗ ಹಾರಿಹೋಗುತ್ತದೆ. ಉರಿಬಿಸಿಲಿನಲ್ಲಂತೂ ಕೇಳಬೇಕಾಗಿಯೇ ಇಲ್ಲ.

ಹಾಗಾಗಿ ಉಳಿದದ್ದು ಹಿಮದ ದಾರಿ. ಈ ದಾರಿ ನಮ್ಮ ಕಡೆಗೆ ಬಂದದ್ದು ಹಡಗಿನಲ್ಲಿ. ಅಮೆರಿಕದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್ನಿನ ಕೆರೆಗಳ ಮಂಜುಗಡ್ಡೆಯನ್ನು ಕೊಯ್ಯಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ 1833ರಲ್ಲಿ ಕಲ್ಕತ್ತೆಗೆ ಕಳುಹಿಸಿದ. ಅಂಥದೇ ಮಂಜುಗಡ್ಡೆಗಾಗಿ 1840ರ ದಶಕದಲ್ಲಿ ಮದ್ರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಈಗ ವಿವೇಕಾನಂದರ ಹೆಸರಿನಲ್ಲಿ ನಿಂತಿದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯ ಸೇರುವವರೆಗೂ ಬಳ್ಳಾರಿಗೂ ಅದೇ ಮದ್ರಾಸು ರಾಜಧಾನಿ. ಭಾರತದಲ್ಲೇ ತಯಾರಾದ ಗೋದ್ರೆಜ್ ಫ್ರಿಜ್ ಪೇಟೆಗೆ ಬಂದದ್ದು 1958ರಲ್ಲಿ.

ತರಕಾರಿಯನ್ನು ಹೆಪ್ಪುಗಟ್ಟಿಸುವ ಕಲೆಗೆ ಇನ್ನೊಬ್ಬ ಅಮೆರಿಕನ್, ಕ್ಲಾರೆನ್ಸ್ ಬರ್ಡ್ಸ್‌ಐ ಕಾರಣ. 1910ರ ದಶಕದಲ್ಲಿ ಲ್ಯಾಬ್ರಡಾರಿನ ಕೊರೆಯುವ ಚಳಿಯಲ್ಲಿದ್ದ ಆತ ಒಂದು ಸಂಗತಿ ಗಮನಿಸಿದ. ಅಲ್ಲಿನ ಇನ್ಯುಟ್ ಜನ ಹಿಡಿದ ಮೀನು ಹೊರಗೆಳೆದ ಕೂಡಲೇ ಕಲ್ಲಾಗುತ್ತಿತ್ತು. ತಿಂಗಳುಗಳ ಬಳಿಕ ಬೇಯಿಸಿದರೂ ಹೊಸದರಂತೆ ಇರುತ್ತಿತ್ತು. ಗುಟ್ಟು ಇದ್ದದ್ದು ವೇಗದಲ್ಲಿ. ನೀರು ನಿಧಾನವಾಗಿ ಹೆಪ್ಪುಗಟ್ಟಿದರೆ ದೊಡ್ಡ ದೊಡ್ಡ ಹರಳುಗಳಾಗಿ ಜೀವಕೋಶದ ಗೋಡೆಗಳನ್ನು ಇರಿಯುತ್ತವೆ. ಬೇಗ ಗಟ್ಟಿಯಾದರೆ ಹರಳು ಸಣ್ಣದು, ಗಾಯವೂ ಸಣ್ಣದು.

ಮನೆಯ ಫ್ರೀಜರಿನಲ್ಲಿ ಲ್ಯಾಬ್ರಡಾರಿನ ಗಾಳಿ ಬೀಸುವುದಿಲ್ಲ. ಆದರೆ ಸೊಪ್ಪನ್ನು ತೆಳ್ಳಗೆ ಹರಡಿ ಆ ಕೊರತೆಯನ್ನು ಸ್ವಲ್ಪ ತುಂಬಿಕೊಳ್ಳಬಹುದು. ಹಳದಿ ಎಲೆ ಕಿತ್ತು, ಬೇರು ಕತ್ತರಿಸಿ, ಮಣ್ಣು ಹೋಗುವಂತೆ ತೊಳೆಯಬೇಕು. ನಂತರದ ಕೆಲಸವೇ ಮುಖ್ಯ: ಹತ್ತಿಬಟ್ಟೆಯ ಮೇಲೆ ಫ್ಯಾನಿನ ಕೆಳಗೆ ಹರಡಿ, ಮೇಲಿನ ನೀರು ಪೂರ್ತಿ ಆರಿಸಬೇಕು. ಅವಸರ ಮಾಡಿದವರಿಗೆ ಸಿಗುವುದು ಹಸಿರು ಕಲ್ಲಿನ ಗುಂಡು. ಬಿಳಿ ಬುಡ ಬೇರೆ, ಹಸಿರು ಎಲೆ ಬೇರೆಯಾಗಿ ಹೆಚ್ಚಿ ಸ್ಟೀಲ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಡಬೇಕು. ಒಂದೆರಡು ತಾಸಿನಲ್ಲಿ ಚೂರುಗಳು ಬಿಡಿಬಿಡಿಯಾಗಿ ಗಟ್ಟಿಯಾಗುತ್ತವೆ. ಆಗ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ, ಮೇಲೆ ತಾರೀಖು ಬರೆದಿಟ್ಟರಾಯಿತು. ಮುಚ್ಚಳ ಸಡಿಲವಾದರೆ ಐಸಿನಿಂದ ಹಿಡಿದು ಮಕ್ಕಳ ಐಸ್‌ಕ್ರೀಮಿನವರೆಗೆ ಎಲ್ಲಕ್ಕೂ ಉಳ್ಳಾಗಡ್ಡಿಯ ವಾಸನೆ ಹತ್ತುತ್ತದೆ. ಬಟಾಣಿ, ಹುರುಳಿಕಾಯಿಯಂತೆ ಇದನ್ನು ಕುದಿನೀರಿನಲ್ಲಿ ಅದ್ದಿ ತೆಗೆಯಬೇಕಾಗಿಲ್ಲ. ಹಾಗೆ ಮಾಡಿದರೆ ಉಳಿಸಬೇಕಾದ ಘಾಟೇ ಹೋದೀತು. ಎರಡು ಮೂರು ತಿಂಗಳೊಳಗೆ ಬಳಸಿಬಿಡುವುದು ಒಳ್ಳೆಯದು. ಆಮೇಲೆ ಕೆಡುವುದಕ್ಕಿಂತ ಹೆಚ್ಚಾಗಿ ರುಚಿ ಸಪ್ಪೆಯಾಗುತ್ತದೆ.

ಕರೆಂಟಿನ ಮಾತು ಬಾರದೆ ಬಳ್ಳಾರಿಯಲ್ಲಿ ಫ್ರಿಜ್ಜಿನ ಮಾತು ಮುಗಿಯುವುದಿಲ್ಲ. ಫ್ರೀಜರಿಗೆ ಮೈನಸ್ 18 ಡಿಗ್ರಿ ಇರಬೇಕೆನ್ನುತ್ತದೆ ಶಾಸ್ತ್ರ. ಏಪ್ರಿಲ್ ಮಧ್ಯಾಹ್ನ ಅಡುಗೆಮನೆಯೇ 40ರ ಹತ್ತಿರವಿದ್ದಾಗ ಕರೆಂಟ್ ಹೋದರೆ ಮೇಲಿನ ಆ ಪುಟ್ಟ ಗೂಡು ಎಷ್ಟು ಹೊತ್ತು ತಡೆದೀತು? ಬಾಗಿಲು ತೆರೆಯದಿರುವುದೊಂದೇ ಉಪಾಯ. ಗೂಡು ತುಂಬಿದ್ದಷ್ಟೂ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ. ಖಾಲಿ ಜಾಗದಲ್ಲಿ ನೀರು ತುಂಬಿದ ಬಾಟಲಿಗಳನ್ನು, ಹಿಗ್ಗಲು ಸ್ವಲ್ಪ ಜಾಗ ಬಿಟ್ಟು, ಇಟ್ಟುಕೊಳ್ಳಬಹುದು. ಪೂರ್ತಿ ಕರಗಿ ಮೆತ್ತಗಾದ ತಪ್ಪಲನ್ನು ಮತ್ತೆ ಹೆಪ್ಪುಗಟ್ಟಿಸುವ ಆಸೆ ಬೇಡ. ತಂಪು ಇನ್ನೂ ಆರದಿದ್ದರೆ ಅಂದೇ ಬಾಣಲೆಗೆ ಹಾಕಿಬಿಡಬೇಕು.

ಹೆಪ್ಪುಗಟ್ಟಿದ್ದನ್ನು ಬಳಸುವಾಗಲೂ ಕರಗಿಸುವ ಗೊಡವೆ ಬೇಡ, ನೇರವಾಗಿ ಒಲೆಯ ಮೇಲಕ್ಕೆ. ಮೇಲೆ ಮಂಜು ಕಟ್ಟಿದ್ದರೆ ಮಾತ್ರ ಎಣ್ಣೆ ಸಿಡಿಯುತ್ತದೆ, ಹುಷಾರು. ಕಡಲೆಹಿಟ್ಟು ಉದುರಿಸಿ ಮಾಡುವ ಹಿಟ್ಟಿನ ಪಲ್ಯಕ್ಕೆ, ಬೇಳೆಗೆ, ಮಂಡಾಳ ಒಗ್ಗರಣೆಗೆ, ಮಕ್ಕಳು ಹಟ ಹಿಡಿಯುವ ಗೋಬಿ ಮಂಚೂರಿಗೆ ಇದು ಸಲೀಸಾಗಿ ಒಗ್ಗುತ್ತದೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು, ಪಚಡಿಗೆ ಮಾತ್ರ ಒಗ್ಗದು. ಕರಗಿದ ಎಲೆ ಜೋತುಬೀಳುತ್ತದೆ, ಕಡಿದಾಗ ಕರುಂ ಎನ್ನುವುದಿಲ್ಲ. ಅದಕ್ಕಾಗಿ ಕಟ್ಟು ಬಿಚ್ಚಿದ ದಿನವೇ ಹಸಿಗೆ ಬೇಕಾದಷ್ಟನ್ನು ಬೇರೆ ತೆಗೆದಿಟ್ಟುಕೊಂಡು, ಮಿಕ್ಕಿದ್ದನ್ನು ಹೆಚ್ಚುವುದು ಜಾಣತನ.

ಕತ್ತರಿಸಿದ ಬೇರಿನ ಭಾಗವನ್ನೂ ಎಸೆಯಬೇಕಾಗಿಲ್ಲ. ಒಂದಂಗುಲ ಬಿಳಿ ಬುಡ ಬಿಟ್ಟು ಕತ್ತರಿಸಿ, ಹಳೆಯ ಡಬ್ಬಿಯ ಮಣ್ಣಿನಲ್ಲಿ ಊರಿ, ಅಕ್ಕಿ ತೊಳೆದ ನೀರು ಹಾಕುತ್ತಿದ್ದರೆ ಕೆಲವೇ ದಿನಗಳಲ್ಲಿ ಹೊಸ ಎಲೆ ಏಳುತ್ತದೆ. ರೊಟ್ಟಿಗೆ ಎರಡು ಎಸಳು ಅಲ್ಲಿಂದಲೇ ಸಿಕ್ಕಾವು.